ಹನ್ನೆರಡರ ಮಗ್ಗಿ

ಬಿಸಿಲು ಐವತ್ತು ಡಿಗ್ರಿ ದಾಟಿದ ಮೇಲೆ ಮನುಷ್ಯ ಏನು ಮಾಡಬೇಕು? ಹಿರೇಬಂಡೆಯವರು ಊರಿಗೇ ಚಪ್ಪರ ಹಾಕಿಬಿಟ್ಟರು. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಆ ಪಟ್ಟಣದ ನಲವತ್ತಾರು ಓಣಿಗಳಲ್ಲೂ ಉಕ್ಕಿನ ಕಂಬ ನೆಟ್ಟು, ಹಗ್ಗ ಎಳೆದು, ಮಡಚಿ ಬಿಚ್ಚಬಹುದಾದ ತೆಳುವಾದ ಹಾಸು ಕಟ್ಟಿದರು. ಹಾಸಿನ ಮೇಲ್ಮೈ ಬಿಸಿಲು ಹೀರಿ ವಿದ್ಯುತ್ ತಯಾರಿಸುತ್ತದೆ. ಕೆಳಗೆ ಓಣಿಯಲ್ಲಿ ಹನ್ನೊಂದು ಡಿಗ್ರಿ ಕಡಿಮೆ. ಹಾಗಾದರೆ ಸದಾ ಬಿಚ್ಚಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಸಂಜೆಯ ದೂಳುಗಾಳಿಗೆ ಹಾಸು ಹರಿದು ಚಿಂದಿಯಾಗುತ್ತದೆ, ರಾತ್ರಿಯೂ ಬಿಚ್ಚಿಟ್ಟರೆ ಕಲ್ಲುಗೋಡೆಯ ಕಾವು ಮೇಲೆ ಹೋಗಲು ದಾರಿಯಿಲ್ಲದೆ ಊರೇ ಬೇಯುತ್ತದೆ. ಆದ್ದರಿಂದ ಬೆಳಿಗ್ಗೆ ಹಾಸಬೇಕು, ಸೂರ್ಯ ಸರಿದ ಹಾಗೆ ವಾಲಿಸಬೇಕು, ಸಂಜೆ ಹಗ್ಗ ಸಡಿಲಿಸಿ ಮಡಚಬೇಕು. ಇದಕ್ಕೆಂದೇ ಒಂದು ಕಛೇರಿ ಆಯಿತು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಹೆಸರಿದೆ. ಜನರ ಬಾಯಲ್ಲಿ ಅದು ನೆರಳಾಫೀಸು.

ಜನ ಎಂಥದ್ದಕ್ಕೂ ಒಗ್ಗಿಕೊಳ್ಳುತ್ತಾರೆ ಬಿಡಿ. ಒಂದೆರಡು ವರ್ಷ ನೆರಳನ್ನು ನೋಡಿ ಬೆರಗಾದರು, ಆಮೇಲೆ ಅದರ ಮೇಲೆ ತಕರಾರು ತೆಗೆಯಲು ಶುರು ಮಾಡಿದರು. ನಾಳೆ ನಮ್ಮಲ್ಲಿ ಶಾವಿಗೆ ಹೊಸೆಯುತ್ತೇವೆ, ನಮ್ಮ ಓಣಿಗೆ ಎರಡು ತಾಸು ಬಿಸಿಲು ಕೊಡಿ ಎಂದು ಒಬ್ಬರ ಫೋನು. ಕೊಟ್ಟರೆ, ನಮ್ಮ ಮನೆಗೆ ಬೀಗರು ಬಂದು ಅಂಗಳದಲ್ಲಿ ಕೂತಿದ್ದಾರೆ, ಅವರ ತಲೆ ಕಾಯಿಸುತ್ತೀರಾ ಎಂದು ಎದುರು ಮನೆಯವರ ಫೋನು. ಇಂಥ ಫೋನುಗಳನ್ನೆಲ್ಲ ನಗುತ್ತಲೇ ತೆಗೆದುಕೊಂಡು, ಪಕ್ಕದ ಚಿಕ್ಕ ಪರದೆಯಲ್ಲಿ ಅವರವರಿಗೆ ಬೇಕಾದಷ್ಟು ಬಿಸಿಲು ಕೊಟ್ಟು, ಹತ್ತೊಂಬತ್ತು ವರ್ಷ ಊರನ್ನು ಸಂಭಾಳಿಸಿದವಳು ಮಹಾನಂದಾ. ಕಛೇರಿ ತೆರೆದ ದಿನ ಸೇರಿದ ಆಪರೇಟರ್. ಈಗ ಅವಳಿಗೆ ಐವತ್ತನಾಲ್ಕು. ಬಜಾರಕ್ಕೆ ಹೋದರೆ ಹೂವಿನವಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ನಮಸ್ಕಾರ ಹಾಕುತ್ತಾರೆ. ನೆರಳು ಕೊಡುವವಳಲ್ಲವೇ!

ಆದರೆ ಮಹಾನಂದಾಳ ಹೊಟ್ಟೆಯಲ್ಲೊಂದು ಗುಟ್ಟಿತ್ತು. ನೆರಳು ಕೊಡುವ ಆ ಅಪ್ಪಣೆಗಳಲ್ಲಿ ಏನು ಬರೆದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಯಂತ್ರಗಳಿಗೆ ಅಪ್ಪಣೆ ಕೊಡಬೇಕಾದದ್ದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕೊಡುವ ಜಾಗಕ್ಕೆ ಶೆಲ್ ಎನ್ನುತ್ತಾರೆ. ಅದೇನು ದೊಡ್ಡ ವಿಷಯವಲ್ಲ: ಒಂದು ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ. ನೀವೊಂದು ಸಾಲು ಬರೆದು ಎಂಟರ್ ಒತ್ತಿದರೆ ಅದು ತಕ್ಷಣವೇ ಆ ಕೆಲಸ ಮಾಡಿ, ಉತ್ತರ ಹೇಳಿ, ಮುಂದಿನ ಸಾಲಿಗೆ ಕಾಯುತ್ತದೆ. ಹಿಂದೆ ಬರೆದ ಸಾಲುಗಳೆಲ್ಲ ಅದಕ್ಕೆ ನೆನಪಿರುತ್ತವೆ. ಮೇಲ್ಮುಖದ ಬಾಣವಿರುವ ಕೀಲಿಯನ್ನು ಒಂದು ಸಲ ಒತ್ತಿದರೆ ಈಗಷ್ಟೇ ಬರೆದ ಸಾಲು ಬರುತ್ತದೆ, ಎರಡು ಸಲ ಒತ್ತಿದರೆ ಅದರ ಹಿಂದಿನದು. ನೆರಳಿನ ದಿನದ ಕೆಲಸ ಒಟ್ಟು ಹನ್ನೆರಡು ಸಾಲು. ಬೆಳಗಿನ ಹಾಸುವ ಅಪ್ಪಣೆಯೊಂದೇ ಐದು ಸಾಲಿನದು. ಉಳಿದ ಏಳು ಕೆಲಸಗಳಿಗೆ ಒಂದೊಂದು ಸಾಲು. ದಿನಾ ಅದೇ ಹನ್ನೆರಡು, ಅದೇ ಕ್ರಮದಲ್ಲಿ. ಅಂದ ಮೇಲೆ ಯಾವ ಹೊತ್ತಿನಲ್ಲೇ ನೋಡಿ, ಮುಂದೆ ಬೇಕಾದ ಸಾಲು ಸರಿಯಾಗಿ ಹನ್ನೆರಡು ಸಾಲು ಹಿಂದೆ ಕೂತಿರುತ್ತದೆ. ಬಾಣ ಹನ್ನೆರಡು ಸಲ, ಎಂಟರ್ ಒಂದು ಸಲ. ಊರಿಗೆ ನೆರಳು.

ಇದನ್ನು ಕಂಡುಹಿಡಿದವರು ಮೊದಲಿನ ಇಂಜಿನಿಯರು. ವರ್ಗವಾಗಿ ಹೋಗುವ ಆತುರದಲ್ಲಿದ್ದ ಅವರು, ಓದುವ ಅಗತ್ಯವಿಲ್ಲಮ್ಮ, ಎಣಿಸಿದರೆ ಸಾಕು ಎಂದು ಹೇಳಿಕೊಟ್ಟು ಹೋದರು. ಆಪರೇಟರುಗಳು ಅದಕ್ಕೆ ಹನ್ನೆರಡರ ಮಗ್ಗಿ ಎಂದು ಹೆಸರಿಟ್ಟರು. ಹೊಸಬರು ಬಂದರೆ ಮಹಾನಂದಾ ಅವರ ಬೆರಳು ಹಿಡಿದು ಮಗ್ಗಿ ಕಲಿಸುತ್ತಿದ್ದಳು. ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ನೋಡಿದರೂ ಇಂಗ್ಲಿಷಿನ ಒಂದೊಂದೇ ಸಾಲು ಮಿಂಚಿ ಹೋಗುತ್ತಿತ್ತು. ಹತ್ತೊಂಬತ್ತು ವರ್ಷ ಒಂದು ದಿನವೂ ಮಗ್ಗಿ ತಪ್ಪಲಿಲ್ಲ.

ಇನ್ನು ಹುಲಿಗೆಮ್ಮನ ವಿಷಯ. ಊರಿನ ಮೂವತ್ತೊಂದನೇ ಓಣಿ ಕಲ್ಲು ಕೆತ್ತುವವರದು. ಅಲ್ಲಿಯೂ ಕಂಬಗಳಿವೆ, ಹಾಸು ಇದೆ, ಆದರೆ ಹಾಸು ಯಾವತ್ತೂ ಬಿಚ್ಚಿಕೊಂಡದ್ದಿಲ್ಲ. ಪ್ರತಿ ವರ್ಷ ಶಿವರಾತ್ರಿ ಕಳೆದ ವಾರ ಆ ಓಣಿಯ ಹುಲಿಗೆಮ್ಮ ನೆರಳಾಫೀಸಿಗೆ ಬಂದು ಅರ್ಜಿ ಕೊಡುತ್ತಿದ್ದಳು. ಮೂವತ್ತೊಂದರ ಕಡತ ತೆಗೆದರೆ ಮೊದಲ ಹಾಳೆಯಲ್ಲೇ ಮೋಟರು ದೋಷ ಎಂದು ಬರೆದಿತ್ತು. ಮೆಕ್ಯಾನಿಕ್ ಹೋಗಿ ನೋಡಿ, ಏನೂ ಕಾಣಲಿಲ್ಲ ಎಂದು ಬರೆದು ಬರುತ್ತಿದ್ದ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಮೆಕ್ಯಾನಿಕ್. ಕಛೇರಿ ಶುರುವಾದ ಐದನೆಯ ಬೇಸಿಗೆಯಲ್ಲಿ ಹುಲಿಗೆಮ್ಮನ ಗಂಡ ಮನೆಯ ಮುಂದೆ ಒಳಕಲ್ಲು ಕೆತ್ತುತ್ತಾ ಕೂತವನು ಹಾಗೇ ವಾಲಿ ಬಿದ್ದ, ಏಳಲಿಲ್ಲ. ಮರುವರ್ಷವೂ ಅವಳು ಅರ್ಜಿ ಹಿಡಿದು ಬಂದಾಗ ಮಹಾನಂದಾ ಚಹಾ ತರಿಸಿಕೊಟ್ಟಿದ್ದಳು. ಬೇರೇನು ಕೊಡಬೇಕೋ ತಿಳಿದಿರಲಿಲ್ಲ.

ಈ ವರ್ಷ ಅವಳು ಅರ್ಜಿ ತರಲಿಲ್ಲ, ಬರಿಗೈಯಲ್ಲಿ ಬಂದಳು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ವೈಶಾಖದಲ್ಲಿ ದಿನ ತುಂಬುತ್ತದೆ, ತಗಡಿನ ಮನೆಯಲ್ಲಿ ಹಸುಗೂಸನ್ನು ಎಲ್ಲಿ ಮಲಗಿಸಲಿ ಎಂದು ನಿಧಾನವಾಗಿ ಕೇಳಿದಳು. ಮಹಾನಂದಾ ಮಾಮೂಲಿನಂತೆ ಮೋಟರಿನ ಮಾತು ತೆಗೆದಳು.

"ಮೋಟರ್ ಕೆಟ್ಟಿಲ್ಲರಿ ಅಕ್ಕಾರ," ಅಂದಳು ಹುಲಿಗೆಮ್ಮ. "ದಿನಾ ಸಂಜೀಕ ಗುರ್ ಅಂತದ. ಕೆಟ್ಟದ್ದು ಹ್ಯಾಂಗ ಗುರ್ ಅಂತದರಿ?"

ಈ ಸಲ ನಾನೇ ಮುಂದೆ ನಿಂತು ನೋಡುತ್ತೇನೆ ಎಂದು ಮಹಾನಂದಾ ಮಾತು ಕೊಟ್ಟಳು. ಹುಲಿಗೆಮ್ಮ ನಂಬಿದಳೋ ಇಲ್ಲವೋ, ತಲೆಯಾಡಿಸಿ ಎದ್ದು ಹೋದಳು.

ಅದೇ ವಾರ ರಾಜಧಾನಿಯಿಂದ ಪತ್ರ ಬಂತು. ಕಛೇರಿಯಲ್ಲಿರುವ ಶೆಲ್ ಇಪ್ಪತ್ತು ವರ್ಷದಷ್ಟು ಹಳೆಯದು, ಹೊಸ ಯಂತ್ರಗಳ ಮೇಲೆ ಓಡುವುದಿಲ್ಲ, ಅದನ್ನು ಬದಲಿಸಿ ಹೊಸ ಆವೃತ್ತಿ ಹಾಕಲು ಇಂಜಿನಿಯರನ್ನು ಕಳಿಸುತ್ತಿದ್ದೇವೆ ಎಂದು. ಓದಿದ ಮಹಾನಂದಾ ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಗಂಡನಿಗೆ ಹೇಳಿದಳು. ಶಂಕ್ರೆಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಯಾವುದಕ್ಕೂ ಗಾಬರಿಯಾಗುವ ಪೈಕಿಯಲ್ಲ. ಬರುವ ಇಂಜಿನಿಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಅವರೇ ಕಲಿಸುತ್ತಾರೆ ಎಂದ. ಹತ್ತೊಂಬತ್ತು ವರ್ಷ ಊರೆಲ್ಲ ನಮಸ್ಕಾರ ಹಾಕಿಸಿಕೊಂಡು ಈಗ ನನಗೆ ಆ ಸಾಲುಗಳನ್ನು ಓದಲು ಬರುವುದಿಲ್ಲ ಎಂದು ಹ್ಯಾಗೆ ಹೇಳಲಿ ಎಂದು ಅವಳು ರೇಗಿದಳು. ಅವನು ಬಿಸಿ ರೊಟ್ಟಿ ಮುರಿದುಕೊಂಡು, ರೇಗುವುದಕ್ಕೆ ನಾನೊಬ್ಬ ಸಿಕ್ಕೆ ಎಂದು ನಕ್ಕ.

ಬಂದ ಇಂಜಿನಿಯರ್ ತಬಸ್ಸುಮ್, ಬೀದರಿನ ಕಡೆಯವಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹಳೆಯ ಶೆಲ್ಲಿನ ನೆನಪಿನಿಂದ ಅಪ್ಪಣೆಗಳನ್ನೆಲ್ಲ ತೆಗೆದು ಹೊಸದಕ್ಕೆ ಹಾಕಿದಳು. ಮೂರು ದಿನ ತಾನೇ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ನೆರಳು ನಡೆಸಿದಳು. ಎಲ್ಲ ಸರಿಯಾಗಿ ನಡೆಯಿತು. ಹೊಸ ಶೆಲ್ ನೋಡಲು ಚೆನ್ನಾಗಿತ್ತು: ಅಕ್ಷರಗಳಿಗೆ ಬಣ್ಣ ಬಂದಿತ್ತು, ಅರ್ಧ ಬರೆದರೆ ಉಳಿದದ್ದನ್ನು ತಾನೇ ಸೂಚಿಸುತ್ತಿತ್ತು. ನೀವು ಹೇಗೆ ಮಾಡುತ್ತೀರಿ, ಒಂದು ಸಲ ತೋರಿಸಿ ಎಂದು ತಬಸ್ಸುಮ್ ಎರಡು ಬಾರಿ ಕೇಳಿದಳು. ಎರಡು ಬಾರಿಯೂ ಮಹಾನಂದಾ, ನೀವು ಮಾಡಿದ ಹಾಗೇ ಮೇಡಂ, ಅದರಲ್ಲೇನಿದೆ ಎಂದು ಫೋನಿನ ಕಡೆ ತಿರುಗಿದಳು. ಫೋನು ಬಂದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಮಹಾನಂದಾ ತನ್ನ ಕುರ್ಚಿಯಲ್ಲಿ ಕೂತಳು. ದೇವರನ್ನು ನೆನೆದು ಬಾಣ ಹನ್ನೆರಡು ಸಲ ಒತ್ತಿದಳು. ಎಂಟರ್ ಹೊಡೆದಳು.

ಕಿಟಕಿಯಾಚೆ ಹಾಸು ಬಿಚ್ಚಿಕೊಳ್ಳಲಿಲ್ಲ. ಅದರ ಬದಲು ಊರ ತುಂಬ ಮೋಟರುಗಳು ಗುರುಗುಟ್ಟಿ, ಓಣಿ ಓಣಿಯಲ್ಲೂ ಹಗ್ಗಗಳು ಜೋಲಾಡುತ್ತಾ ತಲೆಯ ಮಟ್ಟಕ್ಕೆ ಇಳಿದವು. ಇಳಿದು ಅಲ್ಲೇ ನಿಂತವು. ಹಿರೇಬಂಡೆಯ ಹೆಂಗಸರನ್ನು ಮೆಚ್ಚಬೇಕು: ಅರ್ಧ ತಾಸಿನೊಳಗೆ ನಲವತ್ತಾರು ಓಣಿಗಳ ಹಗ್ಗದ ಮೇಲೂ ಸೀರೆ, ಲುಂಗಿ, ದುಪ್ಪಡಿ ಒಣಗುತ್ತಿದ್ದವು. ಸರ್ಕಾರ ಬಟ್ಟೆ ಒಣಗಿಸಲು ಹೊಸ ಯೋಜನೆ ಮಾಡಿದೆಯೇ ಎಂದು ಮೂವರು ಫೋನು ಮಾಡಿ ಕೇಳಿದರು.

ಮಹಾನಂದಾಳಿಗೆ ನಗು ಬರಲಿಲ್ಲ. ಇನ್ನೆರಡು ತಾಸಿಗೆ ಬಿಸಿಲು ಚುರುಗುಟ್ಟಲು ಶುರುವಾಗುತ್ತದೆ. ಇನ್ನೊಮ್ಮೆ ಹನ್ನೆರಡು ಒತ್ತಿ ನೋಡಲೇ ಎಂದು ಬೆರಳು ಹೋಯಿತು, ಆದರೆ ಈ ಸಲ ಏನಾಗುವುದೋ ಎಂದು ಹೆದರಿ ಹಿಂದೆ ಬಂತು. ಇದೇ ಅಲ್ಲವೇ ವಿಚಿತ್ರ: ಹತ್ತೊಂಬತ್ತು ವರ್ಷದಲ್ಲಿ ಏನಾಗುವುದೋ ಎಂಬ ಪ್ರಶ್ನೆ ಅವಳಿಗೆ ಬಂದದ್ದು ಅವತ್ತೇ ಮೊದಲು. ಗೆಸ್ಟ್ ಹೌಸಿನಲ್ಲಿದ್ದ ತಬಸ್ಸುಮ್‌ಗೆ ಫೋನು ಮಾಡಿದಳು. ಅವಳು ನಡೆದೇ, ದಾರಿಯುದ್ದ ಒದ್ದೆ ಸೀರೆಗಳ ಕೆಳಗೆ ಬಗ್ಗಿ ಬಗ್ಗಿ ಬಂದಳು. ಬಂದವಳೇ ಮೊದಲು ಬಟ್ಟೆ ತೆಗೆಯಿರಿ ಎಂದು ಓಣಿಗಳಲ್ಲಿ ಡಂಗುರ ಸಾರಿಸಿ, ಸರಿಯಾದ ಅಪ್ಪಣೆ ಕೊಟ್ಟು ನೆರಳು ಹಾಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನೀವು ಏನು ಒತ್ತಿದಿರಿ ಎಂದು ಕೇಳಿದಳು.

ಮಹಾನಂದಾ ಎಲ್ಲ ಹೇಳಿದಳು. ಮಗ್ಗಿ, ಬೆರಳು, ಓದಲು ಬಾರದ್ದು, ಎಲ್ಲ.

ತಬಸ್ಸುಮ್ ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಕಣ್ಣರಳಿಸಿ, ಇದು ಬಹಳ ಜಾಣತನದ ಕೆಲಸ ಅಕ್ಕಾ ಎಂದಳು. ನಂತರ ತಪ್ಪು ಎಲ್ಲಾಯಿತೆಂದು ವಿವರಿಸಿದಳು. ಹಳೆಯ ಶೆಲ್ ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ನೆನಪಿಡುತ್ತಿತ್ತು. ಹೊಸದು ಹಾಗಲ್ಲ, ಐದು ಸಾಲು ಸೇರಿ ಒಂದು ಅಪ್ಪಣೆಯಾದರೆ ಆ ಐದನ್ನೂ ಒಂದೇ ಗಂಟಾಗಿ ಇಟ್ಟುಕೊಳ್ಳುತ್ತದೆ. ಬಾಣ ಒಂದು ಸಲ ಒತ್ತಿದರೆ ಐದೂ ಒಟ್ಟಿಗೆ ಬರುತ್ತವೆ. ಅಂದರೆ ನಿಮ್ಮ ಹನ್ನೆರಡು ಈಗ ಎಂಟಾಗಿದೆ. ಹನ್ನೆರಡು ಒತ್ತಿದ್ದಕ್ಕೆ ಅದು ನಾಲ್ಕು ಮನೆ ಆಚೆ ಹೋಗಿ, ಸಂಜೆ ಹಗ್ಗ ಸಡಿಲಿಸುವ ಸಾಲನ್ನು ತಂದಿದೆ.

ಹಾಗಾದರೆ ಎಂಟರ ಮಗ್ಗಿ ಕಲಿತರಾಯಿತು ಎಂದು ಮಹಾನಂದಾಳಿಗೆ ಹೋದ ಜೀವ ಬಂದಂತಾಯಿತು. ತಬಸ್ಸುಮ್ ಒಪ್ಪಲಿಲ್ಲ. ಎಣಿಸುವುದು ಸಾಕು, ಓದೋಣ ಎಂದಳು. ರೂಬಿಯಲ್ಲಿ ಅಪ್ಪಣೆಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು, ಇವತ್ತೇ ಬದಲಿಸುತ್ತೇನೆ, ಏನೆಂದು ಕರೆಯಬೇಕು ನೀವು ಹೇಳಿ ಎಂದು ಬೆಳಗಿನ ಅಪ್ಪಣೆಯನ್ನು ಪರದೆಯ ಮೇಲೆ ತಂದಳು. ಐದು ಸಾಲು ಒಂದರ ಕೆಳಗೊಂದು, ಬಣ್ಣ ಬಣ್ಣವಾಗಿ ನಿಂತವು. ಮಹಾನಂದಾ ಅವನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ತಬಸ್ಸುಮ್ ಒಂದೊಂದರ ಮೇಲೂ ಬೆರಳಿಟ್ಟು ಅರ್ಥ ಹೇಳಿದಳು.

"ಎಲ್ಲಾ ಓಣಿ ಒಂದೊಂದಾಗಿ ತಗೋ. ಮೂವತ್ತೊಂದು ಬಂದ್ರ ಬಿಟ್ಟು ಮುಂದ ಹೋಗು. ಕೀಲಿ ತಗಿ. ಹಾಸು. ಮುಗೀತು."

"ಎರಡನೇದು ಇನ್ನೊಂದ್ಸಲ ಹೇಳ್ರಿ," ಅಂದಳು ಮಹಾನಂದಾ.

ತಬಸ್ಸುಮ್ ಹೇಳಿದಳು. ಆ ಸಾಲನ್ನು ಮೊದಲೇ ಗಮನಿಸಿದ್ದೆ ಎಂದೂ ಹೇಳಿದಳು. ಆ ಓಣಿಯ ಮೋಟರು ಕೆಟ್ಟಿದೆ ಎಂದು ಕಡತದಲ್ಲಿ ಇತ್ತಲ್ಲ, ಅದಕ್ಕೇ ಬಿಟ್ಟಿದ್ದೀರಿ ಎಂದುಕೊಂಡೆ. ಮಹಾನಂದಾ ಪರದೆಯನ್ನೇ ನೋಡುತ್ತಾ ಕೂತಳು. ಕಡತದಲ್ಲಿ ಇದ್ದದ್ದಕ್ಕೆ ಸಾಲು ಸರಿ ಎನಿಸಿತ್ತು. ಸಾಲು ಇದ್ದದ್ದಕ್ಕೆ ಹಾಸು ಬಿಚ್ಚಲಿಲ್ಲ. ಹಾಸು ಬಿಚ್ಚದ್ದಕ್ಕೆ ಯಾರೋ ಕಡತದಲ್ಲಿ ಮೋಟರು ದೋಷ ಎಂದು ಬರೆದಿದ್ದರು. ಬರೆದ ಕೈ ಅವಳದೇ ಇರಬಹುದು, ಅವಳಿಗೆ ನೆನಪಿರಲಿಲ್ಲ. ಸಂಜೆಯ ಸಾಲಿನಲ್ಲಿ ಬಿಡು ಎಂಬ ಮಾತಿಲ್ಲ, ಆದ್ದರಿಂದ ಸಂಜೆ ಆ ಮೋಟರು ತಿರುಗುತ್ತಿತ್ತು. ಹುಲಿಗೆಮ್ಮ ವರ್ಷಗಟ್ಟಲೆ ಅದನ್ನೇ ಹೇಳಿದ್ದಳು.

ಎರಡನೇ ಸಾಲಿನ ಕೊನೆಯಲ್ಲಿ ಮಸುಕು ಬಣ್ಣದಲ್ಲಿ ಇನ್ನೂ ಏನೋ ಇತ್ತು. ಅದೇನೆಂದು ಮಹಾನಂದಾ ಕೇಳಿದಳು.

"ಕಂಬ ಏಳೋ ತನಕ ಮಾತ್ರ, ಅಂತ ಅದ," ಅಂದಳು ತಬಸ್ಸುಮ್. ಜೊತೆಗೆ ಸೇರಿಸಿದಳು: "ಇದನ್ನ ಮಿಷಿನ್ ಓದಂಗಿಲ್ಲ ಅಕ್ಕಾ. ಮನುಷ್ಯಾರು ಓದ್ಲಿ ಅಂತ ಬರೆದದ್ದು."

ಹೌದು, ಈಗ ನೆನಪಾಯಿತು. ಮೂವತ್ತೊಂದನೇ ಓಣಿಯಲ್ಲಿ ನೆಲ ಬರೀ ಬಂಡೆ. ಅಲ್ಲಿ ಕಂಬ ಏಳಲು ಎರಡು ತಿಂಗಳು ಹೆಚ್ಚು ಹಿಡಿಯಿತು. ಕಂಬ ಎದ್ದಾಗ ಇಂಜಿನಿಯರು ವರ್ಗವಾಗಿ ಹೋಗಿದ್ದರು. ಯಾರ ಮೇಲೂ ದ್ವೇಷವಿಲ್ಲ, ಯಾರ ಸಂಚೂ ಇಲ್ಲ. ಓದಿ ತೆಗೆಯಬೇಕಾದ ಒಂದು ಸಾಲನ್ನು ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಎಣಿಸಿ ಒತ್ತಿದ್ದರು, ಅಷ್ಟೇ. ಹೆಚ್ಚು ಬೆಳಗುಗಳಲ್ಲಿ ಒತ್ತಿದ ಬೆರಳು ಮಹಾನಂದಾಳದು. ಆ ಐದನೆಯ ಬೇಸಿಗೆಯ ಬೆಳಿಗ್ಗೆ ಪಾಳಿ ಯಾರದಿತ್ತು ಎಂದು ನೋಡಲು ಹಾಜರಿ ಪುಸ್ತಕ ತೆಗೆಯಬೇಕಾಗಿರಲಿಲ್ಲ. ಆ ವರ್ಷ ಪೂರ್ತಿ ಬೆಳಗಿನ ಪಾಳಿ ಅವಳೇ ಕೇಳಿ ತೆಗೆದುಕೊಂಡಿದ್ದಳು.

ತಬಸ್ಸುಮ್ ಒಳ್ಳೆಯ ಹುಡುಗಿ. ಸಾಲು ತೆಗೆದುಬಿಡುತ್ತೇನೆ, ಮೋಟರು ದುರಸ್ತಿಯಾಯಿತು ಎಂದು ಕಡತದಲ್ಲಿ ಬರೆದರೆ ಮುಗಿಯಿತು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಆದರೆ ಹತ್ತೊಂಬತ್ತು ವರ್ಷ ಮಡಚಿಯೇ ಇದ್ದ ಹಾಸು ಅಂಟಿಕೊಂಡಿದ್ದರೆ ಹರಿಯಬಹುದು, ಬಿಚ್ಚುವಾಗ ಯಾರಾದರೂ ಓಣಿಯಲ್ಲಿ ನಿಂತು ನೋಡಬೇಕು, ಜನರನ್ನು ದೂರ ಸರಿಸಬೇಕು ಎಂದೂ ಹೇಳಿದಳು. ನಾನೇ ಹೋಗುತ್ತೇನೆ ಎಂದಳು ಮಹಾನಂದಾ. ಮರುದಿನ ಹನ್ನೊಂದು ಗಂಟೆಗೆಂದು ನಿಶ್ಚಯವಾಯಿತು.

ಅಂದು ಮಧ್ಯಾಹ್ನ ಮನೆಗೆ ಬಂದವಳು ಊಟಕ್ಕೆ ಕೂತಳು, ಉಣ್ಣಲಿಲ್ಲ. ಶಂಕ್ರೆಪ್ಪ ಪೂರ್ತಿ ಕೇಳಿದ. ಈ ಸಲ ನಗಲಿಲ್ಲ. ಆ ಹೆಣ್ಣುಮಗಳಿಗೆ ನೆರಳು ಸಿಕ್ಕರೆ ಸಾಕಲ್ಲ, ಉಳಿದದ್ದು ಹೇಳಿ ಅವಳ ಹೊಟ್ಟೆಗೆ ಯಾಕೆ ಬೆಂಕಿ ಹಾಕುತ್ತೀ ಎಂದ. ಮಾತು ಸುಳ್ಳಲ್ಲ. ಮಹಾನಂದಾ ಅದನ್ನೇ ಹಿಡಿದುಕೊಂಡು ಸಂಜೆಯವರೆಗೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು. ಆದರೆ ಸಮಾಧಾನ ಯಾಕೋ ನಿಲ್ಲಲಿಲ್ಲ. ಹುಲಿಗೆಮ್ಮನಿಗೆ ತಾನು ಚಹಾ ಕುಡಿಸಿ ಕಳಿಸಿದ್ದು, ಸಾಲು ಒತ್ತಿದ ಆ ಬೆರಳಿನಿಂದಲೇ ಕಪ್ಪು ಮುಂದೆ ಸರಿಸಿದ್ದು ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಹನ್ನೊಂದಕ್ಕೆ ಅವಳು ಮೂವತ್ತೊಂದನೇ ಓಣಿಯ ಬಾಯಲ್ಲಿ ಫೋನು ಹಿಡಿದು ನಿಂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಓಣಿಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಜನರ ರೂಢಿಗಳು ಕಣ್ಣಿಗೆ ಬಿದ್ದವು: ಎಲ್ಲ ಮನೆಗಳ ಬಾಗಿಲೂ ಉತ್ತರಕ್ಕೆ ತಿರುಗಿಸಿ ಕಟ್ಟಿಕೊಂಡಿದ್ದರು, ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ ನೀರು ಚಿಮುಕಿಸಿದ್ದರು, ಉಳಿ ಸುತ್ತಿಗೆಗಳನ್ನು ಬಿಸಿಲಿಗೆ ಕೈ ಸುಡಬಾರದೆಂದು ನೀರಿನ ಬಾನಿಯಲ್ಲಿ ಮುಳುಗಿಸಿಟ್ಟಿದ್ದರು. ಕಲ್ಲು ಕೆತ್ತುವುದು ಬೆಳಿಗ್ಗೆ ಏಳರೊಳಗೆ ಮುಗಿಯುತ್ತದಂತೆ. ಹುಲಿಗೆಮ್ಮನ ಮಗಳು ಬಾಗಿಲಲ್ಲಿ ಗೋಡೆಗೊರಗಿ ಕೂತು, ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಮಹಾನಂದಾ ಎಲ್ಲರನ್ನೂ ಗೋಡೆಯ ಪಕ್ಕಕ್ಕೆ ಸರಿಸಿ, ಫೋನಿನಲ್ಲಿ, ಒತ್ತ್ರಿ ಮೇಡಂ ಎಂದಳು.

ಮೋಟರು ಗುರ್ ಎಂದಿತು. ಹಾಸು ಒಂದು ಗೇಣು ಸರಿದು ಸಿಕ್ಕಿಕೊಂಡಿತು. ಮತ್ತೆ ಎಳೆಯಿತು. ಹತ್ತೊಂಬತ್ತು ವರ್ಷದ ದೂಳು, ಪಾರಿವಾಳದ ಗೂಡು, ಒಣಗಿದ ಎಲೆ ಎಲ್ಲ ಓಣಿಯ ಮೇಲೆ ಸುರಿಯಿತು. ಅದರ ಹಿಂದೆಯೇ ನೆರಳು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ನಡೆದುಕೊಂಡು ಹೋಯಿತು. ಜನ ತಲೆಯ ಮೇಲಿನ ದೂಳು ಕೊಡವಿಕೊಳ್ಳುವುದನ್ನೂ ಮರೆತು ಮೇಲೆ ನೋಡುತ್ತಿದ್ದರು. ಮುದುಕನೊಬ್ಬ ಚಪ್ಪಲಿ ಬಿಟ್ಟು ನೆಲದ ಮೇಲೆ ಬರಿಗಾಲಿಟ್ಟು ನೋಡಿದ.

ಹುಲಿಗೆಮ್ಮ ಮಗಳನ್ನು ಹೊರಗೆ ಕರೆದು ಕಟ್ಟೆಯ ಮೇಲೆ ಕೂಡಿಸಿದಳು. ನಂತರ ಮಹಾನಂದಾಳ ಹತ್ತಿರ ಬಂದು ಕೈಮುಗಿದು, ಕಡೆಗೂ ಮೋಟರು ದುರಸ್ತಿ ಮಾಡಿಸಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಮಹಾನಂದಾ ಆ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಮೋಟರ್ ಕೆಟ್ಟಿದ್ದಿಲ್ಲ ಹುಲಿಗೆಮ್ಮ. ಮೂವತ್ತೊಂದು ಬಿಟ್ಟು ಹಾಸು ಅಂತ ಬರೆದಿತ್ತು. ನಾ ಓದಲಿಲ್ಲ. ದಿನಾ ಮುಂಜಾನೆ ನಾನೇ ಒತ್ತಿದೆ. ನಿಮ್ಮ ಮನಿಯವರು ಹೋದ ದಿನಾನೂ ನಾನೇ ಒತ್ತೀನಿ."

ಹುಲಿಗೆಮ್ಮ ಒಳಗೆ ಹೋದಳು. ಹೋದವಳು ಒಂದು ಚಾಪೆ ತಂದು ಕಟ್ಟೆಯ ಮುಂದೆ ಹಾಸಿದಳು.

"ಹತ್ತೊಂಬತ್ತು ವರ್ಷ ಮಿಷಿನ್ ಕೆಟ್ಟದ ಅಂದ್ರಿ," ಅಂದಳು. "ಮಿಷಿನ್ ಮ್ಯಾಲ ಹ್ಯಾಂಗ ಸಿಟ್ಟಾಗ್ಲಿ ಅಂತ ಸುಮ್ಕಿದ್ದೆ. ಈಗ ಮನುಷ್ಯಾರು ಸಿಕ್ರಿ. ಕುಂದ್ರಿ ಅಕ್ಕಾರ. ನಾ ಹೇಳೋದು ಪೂರಾ ಕೇಳಿ ಹೋಗ್ರಿ."

ಮಹಾನಂದಾ ಕೂತಳು. ಹುಲಿಗೆಮ್ಮ ಎದುರಿಗೆ ಕೂತು ಸೆರಗು ಸರಿ ಮಾಡಿಕೊಂಡಳು. ಆ ಓಣಿಯಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತ ಮೇಲೂ ಇಲ್ಲ. ಅರ್ಜಿಗಳಲ್ಲೂ ಅವಳು ಬರೆಸಿರಲಿಲ್ಲ. ದ್ಯಾವಪ್ಪ, ಎಂದಳು ಹುಲಿಗೆಮ್ಮ, ಸ್ಪಷ್ಟವಾಗಿ, ಮಗಳೂ ಓಣಿಯವರೂ ಕೇಳುವ ಹಾಗೆ. ಅಲ್ಲಿಂದ ಶುರು ಮಾಡಿದಳು.